ಮಂಜಿಲ್ಲದ ಊರಿನ ಜಾರು ರಸ್ತೆ: ಲಾರಿಗೆ ಯಾವ ಟೈರು?



ಪುಣೆಯಿಂದ ಸೋಲಾಪುರದ ದಾರಿ ಹಿಡಿದು ಸುಮಾರು 80 ಕಿ.ಮೀ. ಹೋದರೆ ದೌಂಡ್ ತಾಲೂಕಿನ ಕುರಕುಂಭ ಸಿಗುತ್ತದೆ. ನಿಮ್ಮ ಹಿರಿಯರಿಗೆ ಅದು ಫಿರಂಗಾಯಿ ದೇವಿಯ ಊರು. ನಿಮಗೆ ಎಂ.ಐ.ಡಿ.ಸಿ.ಯ ರಾಸಾಯನಿಕ ಕಾರ್ಖಾನೆಗಳ ಊರು. ಆ ಕಾರ್ಖಾನೆಗಳ ಗೇಟಿನಿಂದ ಹೊರಬೀಳುವ ಟ್ಯಾಂಕರುಗಳೂ, ರಜೆಗೆ ನಮ್ಮನ್ನು ವಿಜಯಪುರ, ಕಲಬುರಗಿಗೆ ಕರೆದೊಯ್ಯುವ ಬಸ್ಸುಗಳೂ ಓಡುವುದು ಒಂದೇ ಹೆದ್ದಾರಿಯಲ್ಲಿ. ಹೀಗಿರುವಾಗ ಆ ಟ್ಯಾಂಕರಿನ ಟೈರು ಹೇಗಿದೆ ಎಂಬುದು ಅದರ ಮಾಲೀಕನೊಬ್ಬನ ವಿಚಾರವಾಗಿ ಉಳಿಯುವುದಿಲ್ಲ.

ಕೆನಡಾ, ಜರ್ಮನಿಗಳಲ್ಲಿರುವ ನಮ್ಮ ಬಂಧುಗಳಿಗೆ ಚಳಿಗಾಲದ ಟೈರು ಎಂದರೆ ಮನೆಮಾತು. ನವೆಂಬರ್ ಬಂತೆಂದರೆ ಟೈರು ಬದಲಿಸುವ ಮಾತು. "ಕುರಕುಂಭದಲ್ಲಿ ಮಂಜು ಬೀಳುತ್ತದೆಯೇ, ನಮಗೇಕೆ ಆ ಚಿಂತೆ?" ಎಂದು ನೀವು ಕೇಳಬಹುದು. ಮಂಜು ಬೀಳುವುದಿಲ್ಲ, ನಿಜ. ಆದರೆ ರಸ್ತೆ ಜಾರುತ್ತದೆ. ಹೇಗೆಂದು ನೋಡೋಣ.

ಗಾಲಿ ಜಾರುವುದಕ್ಕೆ ಮಂಜುಗಡ್ಡೆಯೇ ಬೇಕೆಂದಿಲ್ಲ. ರಬ್ಬರಿಗೂ ರಸ್ತೆಗೂ ನಡುವೆ ತೆಳುವಾದ ಒಂದು ಪದರ ಬಂದು ಕುಳಿತರೆ ಸಾಕು. ಮಂಜುಗಡ್ಡೆಯ ಮೇಲೂ ಬಹುಮಟ್ಟಿಗೆ ನಡೆಯುವುದು ಇದೇ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅದರ ಮೈ ಮೇಲೆ ನೀರಿನ ತೆಳು ಪದರ ಇರುವುದರಿಂದ, ಕಡುಚಳಿಯ ಮಂಜಿಗಿಂತ ಕರಗುವ ಮಂಜೇ ಹೆಚ್ಚು ಜಾರುತ್ತದೆ. ನಮ್ಮ ದೌಂಡ್ ಸೀಮೆಯಲ್ಲಿ ಆ ಪದರವನ್ನು ಒದಗಿಸುವುದು ಎರೆಮಣ್ಣು, ಮರಾಠಿಯಲ್ಲಿ ನೀವು ಕಾಳೀ ಮಾತೀ ಎನ್ನುತ್ತೀರಲ್ಲ, ಅದು. ಕಬ್ಬಿನ ಹೊಲದಿಂದ ಹೆದ್ದಾರಿಗೆ ಏರುವ ಟ್ರ್ಯಾಕ್ಟರಿನ ಗಾಲಿಗಳು ಈ ಮಣ್ಣನ್ನು ಡಾಂಬರಿನ ಮೇಲೆ ಬಳಿದು ಹೋಗುತ್ತವೆ. ಅದರ ಜೊತೆಗೆ ವಾಹನಗಳಿಂದ ಸೋರಿದ ಎಣ್ಣೆ, ಸವೆದ ರಬ್ಬರಿನ ಪುಡಿ. ಇದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಸಾಬೂನಿನಂಥ ಲೇಪ ಸಿದ್ಧವಾಗುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಲೋಣಾವಳದಲ್ಲಿ ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ. ದೌಂಡ್ ತಾಲೂಕು ಮಳೆಯ ನೆರಳಿನಲ್ಲಿರುವುದರಿಂದ ಅಲ್ಲಿಗೆ ಬರುವುದು ಅದರ ಸಣ್ಣ ಪಾಲು. ಮಳೆ ಕಡಿಮೆಯಾದರೆ ಅಪಾಯವೂ ಕಡಿಮೆ ಎಂದು ತಿಳಿಯುತ್ತೇವೆ. ಆದರೆ ಎಡೆಬಿಡದೆ ಸುರಿಯುವ ಮಳೆ ರಸ್ತೆಯನ್ನು ತೊಳೆಯುತ್ತದೆ. ತಿಂಗಳುಗಟ್ಟಲೆ ಬಿಸಿಲು ಕಾದು ಆಮೇಲೆ ಬರುವ ಮೊದಲ ಮಳೆ ತೊಳೆಯುವುದಿಲ್ಲ, ಕಲಸುತ್ತದೆ. ಆದ್ದರಿಂದ ಕುರಕುಂಭದಂಥ ಊರಿನಲ್ಲಿ ಮೊದಲ ಮಳೆಯ ಮೊದಲ ಅರ್ಧ ಗಂಟೆಯೇ ನಮ್ಮ ಪಾಲಿನ ಚಳಿಗಾಲ.

ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಲಾರಿ, ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸರಿಸುಮಾರು 25 ಮೀಟರಿನಲ್ಲಿ ನಿಲ್ಲಬಹುದು. ಒದ್ದೆ ಡಾಂಬರಿನಲ್ಲಿ 35 ಮೀಟರ್. ಕೆಸರಿನ ಲೇಪದ ಮೇಲೆ 70, ಮಂಜುಗಡ್ಡೆಯ ಮೇಲೆ 140. ಡ್ರೈವರನ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೂ ಮತ್ತೆ 17 ಮೀಟರ್ ಸೇರುತ್ತದೆ. ಹೊಸ ಲಾರಿಗಳಲ್ಲಿ ಎ.ಬಿ.ಎಸ್. ಇದೆಯಲ್ಲ ಎನ್ನುವಿರಾ? ಅದು ಗಾಲಿ ಕಚ್ಚಿ ನಿಲ್ಲದಂತೆ ನೋಡಿಕೊಂಡು ಸ್ಟೀರಿಂಗನ್ನು ಕೈಯಲ್ಲಿ ಉಳಿಸಿಕೊಡುತ್ತದೆ, ಅಷ್ಟೆ. ಇಲ್ಲದ ಹಿಡಿತವನ್ನು ಅದು ತಂದುಕೊಡಲಾರದು.

ಹಿಡಿತವೆಲ್ಲ ಇರುವುದು ರಸ್ತೆಗೆ ತಾಗಿದ ಒಂದು ತುಂಡು ರಬ್ಬರಿನಲ್ಲಿ. ಹತ್ತು ಗಾಲಿಯ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಅಂದರೆ ಒಂದೊಂದು ಗಾಲಿಯ ಮೇಲೆ ಸುಮಾರು 2.8 ಟನ್. ಆ ಭಾರ ಹೊತ್ತು ನೆಲಕ್ಕೆ ತಾಗುವ ಜಾಗ ದೊಡ್ಡ ಕಾಗದದ ಅರ್ಧ ಹಾಳೆಗಿಂತ ತುಸು ಹೆಚ್ಚು. ಇನ್ನು ಆ ಅರ್ಧ ಹಾಳೆಯನ್ನು ಹೇಗೆ ಆರಿಸಬೇಕು?

ಲಾರಿ ಟೈರಿನ ಅಂಗಡಿಗೆ ಹೋದರೆ ಮುಖ್ಯವಾಗಿ ಎರಡು ಹೆಸರು ಕೇಳುತ್ತೀರಿ. ಉದ್ದುದ್ದ ಗೆರೆಗಳಿರುವುದು ರಿಬ್. ಅಡ್ಡಡ್ಡ ದಪ್ಪ ಕಟ್ಟೆಗಳಿರುವುದು ಲಗ್. ರಿಬ್ ಟೈರು ನೀರನ್ನು ಗೆರೆಗಳಲ್ಲಿ ಹರಿಯಗೊಟ್ಟು, ಪಕ್ಕಕ್ಕೆ ಜಾರದಂತೆ ಹಿಡಿದು, ಸ್ಟೀರಿಂಗಿನ ಮಾತು ಕೇಳುತ್ತದೆ. ಆದ್ದರಿಂದ ಮುಂದಿನ ಗಾಲಿಗೆ ಅದೇ ಸೈ. ಲಗ್ ಟೈರು ಕೆಸರನ್ನು ಕಚ್ಚಿ ಎಳೆಯುತ್ತದೆ. ಕಲ್ಲಿನ ಕ್ವಾರಿ, ಕಟ್ಟಡದ ಜಾಗ, ಹೊಲದ ದಾರಿಗಳಲ್ಲಿ ಓಡುವ ಲಾರಿಯ ಹಿಂದಿನ ಗಾಲಿಗೆ ಅದು ಬೇಕು. ಆದರೆ ಇಡೀ ದಿನ ಹೆದ್ದಾರಿಯಲ್ಲೇ ಓಡುವ ಲಾರಿಗೆ ಪೂರ್ತಿ ಲಗ್ ಹಾಕಿದರೆ ಟೈರು ಕಾಯುತ್ತದೆ, ಬೇಗ ಸವೆಯುತ್ತದೆ, ಡೀಸೆಲನ್ನೂ ಹೆಚ್ಚು ಕುಡಿಯುತ್ತದೆ. ಕುರಕುಂಭದ ಟ್ಯಾಂಕರಿಗೆ ಹೆದ್ದಾರಿಯೇ ಹೆಚ್ಚು, ಮಣ್ಣಿನ ಅಂಗಳ ಕಡಿಮೆ. ಮುಂದೆ ರಿಬ್, ಇಂಜಿನ್ನಿನ ಬಲ ಬರುವ ಹಿಂದಿನ ಗಾಲಿಗಳಿಗೆ ಎರಡೂ ಗುಣ ಬೆರೆತ ಸೆಮಿ-ಲಗ್, ಇದು ಅಂಥ ಓಟಕ್ಕೆ ಹೊಂದುತ್ತದೆ.

ಎಂಥ ಒಳ್ಳೆಯ ಟೈರೂ ಸವೆದ ಮೇಲೆ ಬರಿಯ ರಬ್ಬರಿನ ಬಳೆ. ಕಾರು, ಲಾರಿಗಳ ಟೈರಿನ ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದೆಂದು ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆದರೆ ಅದು ಕಾನೂನಿನ ಕೊನೆಯ ಗೆರೆ. ಮಳೆಯ ದಿನಗಳಿಗೆ ಅದರ ಎರಡರಷ್ಟಾದರೂ ಇರಲಿ. ರೀಸೋಲ್ ಮಾಡಿಸಿದ ಟೈರನ್ನು ಹಿಂದೆ ಹಾಕಬಹುದು. ಮುಂದೆ ಬೇಡ, ಏಕೆಂದರೆ ಅಲ್ಲಿ ಟೈರು ಒಡೆದರೆ ಸ್ಟೀರಿಂಗ್ ಉಳಿಯದು. ಜೋಡಿ ಗಾಲಿಗಳಲ್ಲಿ ಒಂದು ಹೊಸತು, ಒಂದು ಹಳೆಯದು ಇದ್ದರೆ ಎತ್ತರದ್ದೇ ಭಾರವನ್ನೆಲ್ಲ ಹೊರುತ್ತದೆ, ಇನ್ನೊಂದು ನೆಲವನ್ನು ಸವರುತ್ತಾ ಬರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಕೊನೆಯ ನಾಲ್ಕು ಅಂಕಿಗಳನ್ನು ಓದುವುದನ್ನೂ ಕಲಿಯಿರಿ. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ಹುಟ್ಟಿದ ಟೈರು.

ಗಾಳಿಯ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆಂದು ಕೆಲವರು ಹೇಳುತ್ತಾರೆ. ಮರಳಿನಲ್ಲಿ ಹೂತ ಗಾಲಿಯನ್ನು ಮೆಲ್ಲಗೆ ಹೊರತೆಗೆಯುವಾಗ ಆ ಮಾತು ಸರಿ. ಹೆದ್ದಾರಿಯ ವೇಗದಲ್ಲಿ ತದ್ವಿರುದ್ಧ. ಗಾಳಿ ಕಡಿಮೆಯಾದ ಟೈರು ಕಾಯುತ್ತದೆ, ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಇನ್ನೊಂದು ಮಾತು, ನೀರಿನ ಮೇಲೆ ತೇಲುವ ಭಯ ತುಂಬಿದ ಲಾರಿಗಿಂತ ಖಾಲಿ ಲಾರಿಗೇ ಹೆಚ್ಚು. ಸರಕು ಇಳಿಸಿ ಹಗುರಾಗಿ, ಮನೆ ಸೇರುವ ಆತುರದಲ್ಲಿ ಬರುವ ಲಾರಿಯ ಮೇಲೆ ಕಣ್ಣಿರಲಿ.

ಹೊರದೇಶಕ್ಕೆ ಹೊರಟಿರುವವರಿಗೂ ಎರಡು ಮಾತು. ಸುಮಾರು 7 ಡಿಗ್ರಿಗಿಂತ ಕೆಳಗೆ ಸಾಧಾರಣ ಟೈರಿನ ರಬ್ಬರು ಬಿಗಿಯುತ್ತಾ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರು ಆಗಲೂ ಮೆತ್ತಗಿರುತ್ತದೆ, ಅದರ ಮೈಮೇಲಿನ ಸಣ್ಣ ಸಣ್ಣ ಸೀಳುಗಳು ಮಂಜನ್ನು ಕಚ್ಚುತ್ತವೆ. ಕೊಳ್ಳುವಾಗ ಮೂರು ಶಿಖರದ ಬೆಟ್ಟದೊಳಗೆ ಮಂಜಿನ ಹರಳಿರುವ ಗುರುತನ್ನು ನೋಡಿರಿ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಈ ಗುರುತಿದ್ದರೆ ಮಾತ್ರ ಚಳಿಗಾಲದ ಟೈರೆಂದು ಲೆಕ್ಕ. ಮಂಜಿನ ರಸ್ತೆಗೆ ಇಳಿಯುವ ಲಾರಿಗಳ ಮುಂದಿನ ಗಾಲಿಗೂ ಎಳೆಯುವ ಗಾಲಿಗೂ ಅಲ್ಲಿ ಅದು ಕಡ್ಡಾಯ. ನಮ್ಮ ಹಿಮಾಲಯದ ದಾರಿಗಳಲ್ಲಿ ಲಾರಿಯವರು ಗಾಲಿಗೆ ಸರಪಳಿ ಸುತ್ತುತ್ತಾರೆ. ಬರಿಯ ಡಾಂಬರು ಸಿಕ್ಕೊಡನೆ ಅದನ್ನು ಬಿಚ್ಚಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲಕ್ಕಿಂತ ಅಗ್ಗದ ಹಿಡಿತ ಒಂದಿದೆ: ವೇಗವನ್ನು ಅರ್ಧಕ್ಕೆ ಇಳಿಸುವುದು. ವೇಗ ಅರ್ಧವಾದರೆ ನಿಲ್ಲುವ ದೂರ ಕಾಲುಭಾಗವಾಗುತ್ತದೆ. ಕೆಸರಿನ 70 ಮೀಟರ್ 18ಕ್ಕೆ ಇಳಿಯುತ್ತದೆ. ಇದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ. ಆದರೆ ನಿಧಾನ ಬರಲು ಡ್ರೈವರನಿಗೆ ಸಮಯ ಬೇಕು, ಆ ಸಮಯವನ್ನು ಕೊಡುವವನು ಆಫೀಸಿನಲ್ಲಿ ಕುಳಿತವನು.

ಮಿತ್ರರೇ, ಈ ಮಾತುಗಳನ್ನು ನಿಮಗೇ ಹೇಳುವುದಕ್ಕೆ ಕಾರಣ ಇದೇ. ನಿಮ್ಮ ತಂದೆಯವರ ಕಾಲದಲ್ಲಿ ನಮ್ಮ ಕಡೆಯಿಂದ ಪುಣೆಗೆ ಬಂದವರಲ್ಲಿ ಸ್ಟೀರಿಂಗ್ ಹಿಡಿದವರೂ ಇದ್ದರು, ಕ್ಲೀನರಾಗಿ ದುಡಿದವರೂ ಇದ್ದರು. ನಿಮ್ಮಲ್ಲಿ ಹಲವರು ಇಂದು ಖರೀದಿ, ರವಾನೆ, ಸುರಕ್ಷತೆಯ ಮೇಜುಗಳ ಹಿಂದೆ ಇದ್ದೀರಿ. ಟೈರಿನ ಬಿಲ್ಲಿಗೆ ರುಜು ಹಾಕುವವರು ನೀವು. ಗೇಟಿನಲ್ಲಿ ಗಾಡಿಯನ್ನು ಒಳಗೆ ಬಿಡುವವರೂ ನೀವು. ಟ್ಯಾಂಕರಿನ ಕಾಗದಪತ್ರ, ಟ್ರೆಮ್ ಕಾರ್ಡು ಎಲ್ಲ ನೋಡುತ್ತೀರಿ. ಬಗ್ಗಿ ಟೈರನ್ನೂ ಒಮ್ಮೆ ನೋಡಿರಿ. ಡ್ರೈವರು ಇಂಡಿ, ಅಫಜಲಪುರದ ಕಡೆಯವರೆಂದು ತಿಳಿದರೆ ಕನ್ನಡದಲ್ಲೇ ಕೇಳಿರಿ: "ಕಾಕಾ, ಟೈರ್ ಎಲ್ಲಾ ಸರಿ ಅದಾವೇನ್ರಿ?" ಸಾಹೇಬರ ಇಂಗ್ಲಿಷಿಗೆ "ಎಸ್ ಸರ್" ಎಂದು ತಲೆಯಾಡಿಸುವವರು ನಿಮ್ಮ ಕನ್ನಡಕ್ಕೆ, "ಹಿಂದಿನವು ಎರಡು ಸವದಾವ್ರಿ, ಮಾಲಕರಿಗೆ ಹೇಳೀನಿ, ಇನ್ನಾ ಕೊಟ್ಟಿಲ್ಲ" ಎಂದು ನಿಜ ಹೇಳಿಯಾರು. ಆಗ ಆ ಗಾಡಿಗೆ ಸರಕು ತುಂಬಿಸದೆ ನಿಲ್ಲಿಸುವ ಧೈರ್ಯ ನಿಮಗಿರಲಿ. ಒಂದು ಖೇಪು ತಡವಾದರೆ ನಷ್ಟ ರೂಪಾಯಿಯದು. ಆ ಟೈರು ಜಾರಿದರೆ ನಷ್ಟವನ್ನು ಅಳೆಯುವ ತಕ್ಕಡಿ ಇಲ್ಲ.

ಮಳೆಗಾಲ ಬರುವ ಮುಂಚೆ ನಿಮ್ಮ ಸ್ಕೂಟರಿನ ಟೈರಿನ ಗೆರೆಯನ್ನೂ ಒಮ್ಮೆ ನೋಡಿಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.