ವಿಳಾಸ ಬದಲಾಯಿಸಿ ಎನ್ನುವ ಗಿರಾಕಿಗೆ ಏನು ಹೇಳಬೇಕು?



ನಮ್ಮ ಕೊಳಾಲ ಹೋಬಳಿಯ ಹುಣಸೆಹಣ್ಣು ತುಮಕೂರು ಮಂಡಿಗೆ ಹೋಗುವುದು ಹಳೆಯ ರೂಢಿ. ಮಾಲು ಇಳಿಸಿ, ತೂಕ ಹಾಕಿಸಿ, ಪಟ್ಟಿ ಬರೆಸಿಕೊಂಡು ಬಂದರೆ ವ್ಯವಹಾರ ಮುಗಿಯಿತು. ಆ ಹಣ್ಣು ಮುಂದೆ ಯಾರ ಮನೆಗೆ ಹೋಯಿತು, ಆ ಮನೆಯ ನಂಬರು ಎಷ್ಟು ಎಂಬುದು ಬೆಳೆದವರಿಗೆ ಬೇಕಾಗಿರಲಿಲ್ಲ. ಈಗ ಕಾಲ ಬದಲಾಗಿದೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಕಡೆಯ ರೈತರೂ ಮಹಿಳಾ ಸಂಘಗಳೂ ಮೊಬೈಲಿನಲ್ಲಿ ಆದೇಶ ಹಿಡಿದು, ಹುಣಸೆ, ಕಡಲೆಕಾಯಿ, ರಾಗಿ ಹಿಟ್ಟು, ಚಟ್ನಿಪುಡಿಗಳನ್ನು ನೇರವಾಗಿ ಪಟ್ಟಣದ ಮನೆಗಳಿಗೆ ಕಳುಹಿಸಬಹುದಾಗಿದೆ. ದಲಾಲಿ ಉಳಿಯುತ್ತದೆ, ನಿಜ. ಆದರೆ ಮಂಡಿಯಲ್ಲಿ ಇಲ್ಲದ ಒಂದು ಹೊಣೆ ಇದರ ಜೊತೆಯಲ್ಲಿಯೇ ಬರುತ್ತದೆ. ಅದು ವಿಳಾಸದ ಹೊಣೆ.

ಈ ಬಗೆಯ ಮಾರಾಟ ಹೊಸದೇನೂ ಅಲ್ಲ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಅಂಚೆ ಇಲಾಖೆಯ ಜೊತೆಗೂಡಿ 2019ರಿಂದ ಬೆಂಗಳೂರಿನ ಮನೆಗಳಿಗೆ ಮಾವಿನ ಪೆಟ್ಟಿಗೆಗಳನ್ನು ತಲುಪಿಸುತ್ತಾ ಬಂದಿದೆ. ಗಿರಾಕಿ ನಿಗಮದ ಜಾಲತಾಣದಲ್ಲಿ ಆದೇಶ ಕೊಡುತ್ತಾರೆ, ರೈತರು ಮೂರು ಕಿಲೋ ಪೆಟ್ಟಿಗೆ ಕಟ್ಟುತ್ತಾರೆ, ಅಂಚೆಯವರು ಬಟವಾಡೆ ಮಾಡುತ್ತಾರೆ. 2020ರ ಲಾಕ್‌ಡೌನ್ ಸಮಯದಲ್ಲಿ ಈ ವ್ಯವಸ್ಥೆ ಬೆಳೆಗಾರರ ಕೈ ಹಿಡಿಯಿತು. ಇಲ್ಲಿ ರೈತ, ಅಂಚೆ, ಗಿರಾಕಿ ಮೂವರನ್ನೂ ಜೋಡಿಸುವ ಕೊಂಡಿ ಪೆಟ್ಟಿಗೆಯ ಮೇಲಿನ ವಿಳಾಸವೊಂದೇ. ಅದು ತಪ್ಪಿದರೆ ಹಣ್ಣು ದಾರಿಯಲ್ಲಿಯೇ ಕೊಳೆಯುತ್ತದೆ.

ಹೀಗಿರುವಾಗ ಹಣ ಕಟ್ಟಿದ ಗಿರಾಕಿ ಮರುದಿನ ಫೋನ್ ಮಾಡಿ, "ಆ ವಿಳಾಸ ಬೇಡ, ಇನ್ನೊಂದು ಕೊಡುತ್ತೇನೆ, ಅಲ್ಲಿಗೆ ಕಳುಹಿಸಿ" ಎಂದರೆ ಏನು ಮಾಡಬೇಕು? ಗಿರಾಕಿಯ ಮನಸ್ಸು ನೋಯಬಾರದೆಂದು ಕೂಡಲೇ ಒಪ್ಪಿಕೊಳ್ಳುವುದು ನಮ್ಮ ಹಳ್ಳಿಯ ಸ್ವಭಾವ. ಅವಸರ ಬೇಡ. ವಿಳಾಸದ ಬದಲಾವಣೆಯನ್ನು ಹೊಸ ಆದೇಶವೆಂದೇ ತಿಳಿಯಿರಿ. ಹೊಸ ಆದೇಶಕ್ಕೆ ಏನೇನು ವಿಚಾರಿಸುತ್ತೀರೋ ಅದಷ್ಟನ್ನೂ ಮತ್ತೆ ವಿಚಾರಿಸಬೇಕು.

ನಷ್ಟದ ಲೆಕ್ಕ

ಐದು ಕಿಲೋ ಹುಣಸೆಯ ಒಂದು ಪಾರ್ಸೆಲ್ಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಂಡಿಗಿಂತ ಕಿಲೋಗೆ 30 ರೂಪಾಯಿ ಹೆಚ್ಚು ಸಿಕ್ಕಿತೆಂದು ಇಟ್ಟುಕೊಳ್ಳಿ. ನೇರ ಮಾರಾಟದ ಲಾಭ 150 ರೂಪಾಯಿ ಆಯಿತು. ಸಾಗಣೆಯ 100 ರೂಪಾಯಿಯನ್ನು ಗಿರಾಕಿಯೇ ಕೊಟ್ಟಿದ್ದಾರೆ. ವಿಳಾಸದ ಗೊಂದಲದಿಂದ ಪಾರ್ಸೆಲ್ ಹಿಂತಿರುಗಿದರೆ, ವಾಪಸು ಬರುವ ಖರ್ಚು 100, ಮತ್ತೆ ಕಳುಹಿಸುವ ಖರ್ಚು 100, ಒಟ್ಟು 200 ರೂಪಾಯಿ. ಲಾಭವೆಲ್ಲ ಹೋಗಿ, ಕೈಯಿಂದ 50 ರೂಪಾಯಿ ತೆರಬೇಕಾಯಿತು. ಮಾಲು ತಲುಪಿದ ಮೇಲೆ ಹಣ ಕೊಡುವ ಪದ್ಧತಿಯಾದರೆ ಮೂಲ ಸಾಗಣೆಯ ಖರ್ಚೂ ನಿಮ್ಮ ತಲೆಗೇ ಬರುತ್ತದೆ.

ಪಿನ್‌ಕೋಡ್ ನೋಡಿರಿ

ವಿಳಾಸ ಬದಲಾಯಿತೆಂದಾಗ ಮೊದಲು ನೋಡತಕ್ಕದ್ದು ಆರು ಅಂಕೆಗಳ ಪಿನ್‌ಕೋಡ್. ನಮ್ಮ ದೇಶದಲ್ಲಿ ಇದು 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಮೊದಲ ಮೂರು ಅಂಕೆಗಳು ಟಪಾಲು ವಿಂಗಡಣೆಯ ಜಿಲ್ಲೆಯನ್ನೂ, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. 572 ಎಂದರೆ ತುಮಕೂರು ಕಡೆ, 560 ಎಂದರೆ ಬೆಂಗಳೂರು, 570 ಎಂದರೆ ಮೈಸೂರು.

ಪಿನ್‌ಕೋಡ್ ಅದೇ ಇದ್ದು, ಮನೆಯ ನಂಬರು ಅಥವಾ ಬೀದಿ ಮಾತ್ರ ತಿದ್ದುವುದಾದರೆ ಅದು ಸಣ್ಣ ತಿದ್ದುಪಡಿ. ಪಿನ್‌ಕೋಡೇ ಬದಲಾದರೆ ಪಾರ್ಸೆಲ್ಲಿನ ದಾರಿಯೇ ಬೇರೆಯಾಗುತ್ತದೆ, ಸಾಗಣೆ ದರವೂ ದಿನಗಳ ಲೆಕ್ಕವೂ ಬದಲಾಗಬಹುದು. ಹೆಚ್ಚಿನ ದರವನ್ನು ಗಿರಾಕಿಗೆ ಮೊದಲೇ ತಿಳಿಸಿ, ಅವರು ಒಪ್ಪಿ ಹಣ ಕಳುಹಿಸಿದ ನಂತರವೇ ಚೀಟಿ ಅಂಟಿಸಿರಿ.

ಇನ್ನೊಂದು ಸುಲಭ ಗುರುತು ಇದೆ. ಕರ್ನಾಟಕದ ಪಿನ್‌ಕೋಡ್‌ಗಳು 56ರಿಂದ 59ರವರೆಗಿನ ಅಂಕೆಗಳಿಂದ ಆರಂಭವಾಗುತ್ತವೆ. ಹೊಸ ವಿಳಾಸ 51ರಿಂದ ಆರಂಭವಾದರೆ ಅದು ಆಂಧ್ರ ಪ್ರದೇಶ. ಪಾವಗಡ, ಮಧುಗಿರಿ ಗಡಿಯವರಿಗೆ ಹಿಂದೂಪುರ ಕೂಗಳತೆಯ ಊರಾದರೂ ತೆರಿಗೆಯ ಲೆಕ್ಕದಲ್ಲಿ ಅದು ಹೊರರಾಜ್ಯ. ಸ್ವಂತ ಹೊಲದ ಬೆಳೆಯನ್ನು ಮಾರುವ ರೈತರಿಗೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ಆದರೆ ಉಪ್ಪಿನಕಾಯಿಯಂತಹ ತೆರಿಗೆಯುಳ್ಳ ಮಾಲು ತಯಾರಿಸುವ ಸಂಘಗಳು ಗಮನಿಸಬೇಕು. ನೋಂದಣಿ ಇಲ್ಲದ ಸಣ್ಣ ಮಾರಾಟಗಾರರು ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶ ದೊರೆತಿದೆ. ಅದು ರಾಜ್ಯದ ಒಳಗಿನ ಮಾರಾಟಕ್ಕೆ ಮಾತ್ರ. ಬೆಂಗಳೂರಿನ ಆದೇಶವನ್ನು ಫೋನ್ ಮಾತಿನ ಮೇಲೆ ಹಿಂದೂಪುರಕ್ಕೆ ತಿರುಗಿಸಿದರೆ ಆ ಮಿತಿಯನ್ನು ದಾಟಿದಂತಾಗುತ್ತದೆ.

ಮಾಲು ಎಲ್ಲಿದೆ?

ಎರಡನೆಯದಾಗಿ, ಕೋರಿಕೆ ಬಂದಾಗ ಮಾಲು ಎಲ್ಲಿದೆ ಎಂಬುದನ್ನು ನೋಡಬೇಕು.

ಮಾಲು ಇನ್ನೂ ನಿಮ್ಮ ಮನೆಯಲ್ಲಿದ್ದರೆ ಬದಲಾವಣೆ ಸುಲಭ. ಹಳೆಯ ಚೀಟಿಯನ್ನು ಪೂರ್ತಿ ಕಿತ್ತು ಹೊಸದನ್ನು ಅಂಟಿಸಿರಿ. ಹಳೆಯದರ ಮೇಲೆ ಗೀಟು ಹಾಕಿ ಪಕ್ಕದಲ್ಲಿ ಬರೆದರೆ ವಿಂಗಡಣೆಯಲ್ಲಿ ತಪ್ಪಾಗುವ ಸಂಭವವಿದೆ.

ಅಂಚೆಗೋ ಕೊರಿಯರ್‌ಗೋ ಒಪ್ಪಿಸಿ ಆಗಿದ್ದರೆ ಮಾಲು ನಿಮ್ಮ ಕೈಯಲ್ಲಿಲ್ಲ. ಅಂಚೆಗೆ ಹಾಕಿದ ಪೊಟ್ಟಣವನ್ನು ಬಟವಾಡೆಗೆ ಮುನ್ನ ಹಿಂದಕ್ಕೆ ತರಿಸಲು ಅಥವಾ ವಿಳಾಸ ತಿದ್ದಿಸಲು, ಕಳುಹಿಸಿದವರು ರಸೀದಿಯೊಡನೆ ಅರ್ಜಿ ಕೊಡುವ ಕ್ರಮ ಅಂಚೆ ನಿಯಮಗಳಲ್ಲಿ ಬಹುಕಾಲದಿಂದ ಇದೆ. ಆದ್ದರಿಂದ ರಸೀದಿಯನ್ನು ಜೋಪಾನವಾಗಿಡಿರಿ. ಆದರೆ ಮಾವು, ಸೊಪ್ಪು, ಹೂವಿನಂತಹ ಬೇಗ ಕೆಡುವ ಮಾಲಿಗೆ ಈ ದಾರಿ ಬೇಡ. "ಮಾಲು ಹೊರಟಾಗಿದೆ, ಹಳೆಯ ವಿಳಾಸದಲ್ಲಿ ತೆಗೆದುಕೊಳ್ಳಲು ಯಾರನ್ನಾದರೂ ಗೊತ್ತುಮಾಡಿ" ಎಂದು ಹೇಳುವುದೇ ಉಭಯರಿಗೂ ಕ್ಷೇಮ. ಹುಣಸೆ, ರಾಗಿಯಂತಹ ಮಾಲು ನಾಲ್ಕು ದಿನ ತಡೆಯುತ್ತದೆ.

ಲಾರಿಯಲ್ಲಿ ಕಳುಹಿಸುವ ದೊಡ್ಡ ಮಾಲಿಗೆ ಇನ್ನೊಂದು ಕಟ್ಟು ಇದೆ. ಒಣ ಅಡಿಕೆಯಂತಹ ತೆರಿಗೆಯುಳ್ಳ ಸರಕಿನ ಬೆಲೆ 50,000 ರೂಪಾಯಿ ದಾಟಿ ಇ-ವೇ ಬಿಲ್ ಮಾಡಿಸಿದ್ದರೆ, ಅದರಲ್ಲಿ ಲಾರಿಯ ನಂಬರನ್ನು ಬದಲಾಯಿಸಬಹುದೇ ಹೊರತು ತಲುಪುವ ಸ್ಥಳವನ್ನು ತಿದ್ದಲು ಬರುವುದಿಲ್ಲ. 24 ಗಂಟೆಯೊಳಗೆ ಅದನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕು. ಆದ್ದರಿಂದ ದಾರಿಯಲ್ಲಿ ಯಾರು ಫೋನ್ ಮಾಡಿದರೂ ನಿಮ್ಮ ಮಾತಿಲ್ಲದೆ ಮಾಲನ್ನು ಬೇರೆಡೆ ಇಳಿಸಕೂಡದೆಂದು ಚಾಲಕರಿಗೆ ಮೊದಲೇ ಹೇಳಿಡಿರಿ.

ಕೇಳುತ್ತಿರುವವರು ಯಾರು?

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ವಿಳಾಸ ಬದಲಿಸಲು ಕೇಳುವವರು ಹಣ ಕೊಟ್ಟವರೇ ಹೌದೇ? ಹೊಸ ನಂಬರಿನಿಂದ ಯಾರೋ ಕರೆಮಾಡಿ, ಗಿರಾಕಿಯ ಹೆಸರು ಹೇಳಿ, ಮಾಲನ್ನು ಬೇರೆ ಕಡೆ ತರಿಸಿಕೊಂಡರೆ ನಿಜವಾದ ಗಿರಾಕಿ ನಾಳೆ ನಿಮ್ಮನ್ನೇ ಕೇಳುತ್ತಾರೆ.

ಸರಕು ಮಾರಾಟ ಕಾಯಿದೆ, 1930ರ 39ನೇ ಕಲಮಿನ ಪ್ರಕಾರ, ಗಿರಾಕಿಗೆ ಕಳುಹಿಸಲೆಂದು ಸಾಗಣೆದಾರನಿಗೆ ಮಾಲು ಒಪ್ಪಿಸಿದರೆ ಅದನ್ನು ಮೇಲ್ನೋಟಕ್ಕೆ ಗಿರಾಕಿಗೇ ಒಪ್ಪಿಸಿದಂತೆ ಎಣಿಸಲಾಗುತ್ತದೆ. ಇದು ಮಾರಾಟಗಾರನಿಗೆ ಇರುವ ಒಂದು ಆಸರೆ. ಆದರೆ ಗಿರಾಕಿ ಹೇಳದ ವಿಳಾಸಕ್ಕೆ ಕಳುಹಿಸಿದವರು ಈ ಆಸರೆಯನ್ನು ಹೇಗೆ ತಾನೇ ಕೇಳಿಯಾರು? ಬದಲಾವಣೆಯನ್ನು ಗಿರಾಕಿಯೇ ಕೇಳಿದರೆಂಬುದಕ್ಕೆ ಬರವಣಿಗೆಯ ಸಾಕ್ಷಿ ಬೇಕು.

ಆದುದರಿಂದ ಹೀಗೆ ಮಾಡಿರಿ. ಆದೇಶ ಬಂದಿದ್ದ ಹಳೆಯ ನಂಬರಿಗೆ ನೀವೇ ಕರೆಮಾಡಿ ಕೇಳಿರಿ. ಹಣ ಯು.ಪಿ.ಐ. ಮೂಲಕ ಬಂದಿದ್ದರೆ ಆ ಪಾವತಿಯ 12 ಅಂಕೆಗಳ ಉಲ್ಲೇಖ ಸಂಖ್ಯೆಯನ್ನು ಹೇಳಲು ತಿಳಿಸಿ, ನಿಮ್ಮ ಮೊಬೈಲಿನಲ್ಲಿರುವ ಸಂಖ್ಯೆಯೊಡನೆ ತಾಳೆ ನೋಡಿರಿ. ಹೊಸ ವಿಳಾಸವನ್ನು ಅದೇ ಹಳೆಯ ನಂಬರಿನಿಂದ ಸಂದೇಶವಾಗಿ ಬರೆದು ಕಳುಹಿಸಲು ಹೇಳಿ, ಅದನ್ನು ಅಳಿಸದೆ ಇಡಿರಿ. ಹಣ ವಾಪಸು ಮಾಡುವ ಸಂದರ್ಭ ಬಂದರೆ ಯಾವ ಖಾತೆಯಿಂದ ಬಂದಿತೋ ಅದೇ ಖಾತೆಗೆ ಕಳುಹಿಸಿರಿ.

ಆನ್‌ಲೈನ್ ಮಾರುಕಟ್ಟೆಯೊಂದರ ಮೂಲಕ ಬಂದ ಆದೇಶವಾದರೆ ಫೋನಿನಲ್ಲಿ ವಿಳಾಸ ಬದಲಿಸಲು ಒಪ್ಪಲೇಬೇಡಿ. ಅಲ್ಲಿ ತಕರಾರು ಎದ್ದರೆ ಆದೇಶದಲ್ಲಿ ನಮೂದಾದ ವಿಳಾಸವೇ ದಾಖಲೆ. ಆದೇಶವನ್ನು ರದ್ದುಮಾಡಿ ಸರಿಯಾದ ವಿಳಾಸದೊಡನೆ ಮತ್ತೆ ಕೊಡುವಂತೆ ಗಿರಾಕಿಗೆ ವಿನಯದಿಂದ ತಿಳಿಸಿರಿ.

ಅಂಚೆಯ ಹೊಸ ಸೌಲಭ್ಯ, ಅಂಚೆಯ ಹೆಸರಿನ ಮೋಸ

ಸ್ಪೀಡ್ ಪೋಸ್ಟಿನಲ್ಲಿ 2025ರ ಅಕ್ಟೋಬರ್ 1ರಿಂದ ಎರಡು ಸೌಲಭ್ಯಗಳು ಬಂದಿವೆ. ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಬಟವಾಡೆ ಮಾಡುವ ನೋಂದಣಿ ಒಂದು. ವಿಳಾಸದಾರರ ಮೊಬೈಲಿಗೆ ಬರುವ ಓ.ಟಿ.ಪಿ. ಹೇಳಿದರೆ ಮಾತ್ರ ಬಟವಾಡೆ ಮಾಡುವುದು ಇನ್ನೊಂದು. ಪ್ರತಿಯೊಂದಕ್ಕೂ 5 ರೂಪಾಯಿ ಮತ್ತು ತೆರಿಗೆ. ಬೆಲೆಬಾಳುವ ಮಾಲು ಕಳುಹಿಸುವಾಗ ನಿಮ್ಮ ಪೊಟ್ಟಣಕ್ಕೆ ಇವು ಅನ್ವಯಿಸುತ್ತವೆಯೇ ಎಂದು ಅಂಚೆ ಕಚೇರಿಯಲ್ಲಿ ವಿಚಾರಿಸಿರಿ.

ವಿಳಾಸದ ನೆಪದಲ್ಲಿ ನಡೆಯುವ ಮೋಸವೂ ಉಂಟು. "ನಿಮ್ಮ ಪಾರ್ಸೆಲ್ ಬಂದಿದೆ, ವಿಳಾಸ ಅಪೂರ್ಣವಾಗಿದೆ, 48 ಗಂಟೆಯೊಳಗೆ ಈ ಕೊಂಡಿ ಒತ್ತಿ ಸರಿಪಡಿಸಿ" ಎಂಬ ಅರ್ಥದ ಸಂದೇಶಗಳು ಅಂಚೆ ಇಲಾಖೆಯ ಹೆಸರಿನಲ್ಲಿ ಹರಿದಾಡಿದ್ದವು. ಇವು ಸುಳ್ಳು ಸಂದೇಶಗಳೆಂದು ಕೇಂದ್ರ ಸರ್ಕಾರದ ವಾರ್ತಾ ಶಾಖೆ 2024ರಲ್ಲಿ ಎಚ್ಚರಿಸಿತು. ಅಂತಹ ಕೊಂಡಿಯನ್ನು ಒತ್ತಬೇಡಿ, ನಿಮ್ಮ ಗಿರಾಕಿಗಳಿಗೂ ಈ ಮಾತನ್ನು ತಿಳಿಸಿರಿ. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಿರಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮೊದಲೇ ಕೇಳಿದರೆ ಮೇಲು

ಆದೇಶ ಹಿಡಿಯುವಾಗಲೇ ಮೂರು ಪ್ರಶ್ನೆ ಕೇಳಿದರೆ ಈ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ. ಪಿನ್‌ಕೋಡ್ ಸಹಿತ ಪೂರ್ಣ ವಿಳಾಸ ಯಾವುದು? ಮಾಲು ತಲುಪುವ ದಿನ ಮನೆಯಲ್ಲಿ ಯಾರಿರುತ್ತಾರೆ? ನಿಮ್ಮ ಫೋನ್ ಸಿಗದಿದ್ದರೆ ಬೇರೆ ಯಾವ ನಂಬರಿಗೆ ಕರೆ ಮಾಡಬೇಕು? ಉತ್ತರಗಳನ್ನು ಪುಸ್ತಕದಲ್ಲಿ ಬರೆದಿಡಿರಿ. ಅನಂತರ ಗಿರಾಕಿಗೆ ಹೀಗೊಂದು ಸಂದೇಶ ಕಳುಹಿಸಿರಿ: "ನಿಮ್ಮ ಮಾಲನ್ನು ಗುರುವಾರ ಬೆಳಿಗ್ಗೆ ಈ ವಿಳಾಸಕ್ಕೆ ಕಳುಹಿಸುತ್ತೇವೆ. ತಿದ್ದುಪಡಿ ಇದ್ದರೆ ಬುಧವಾರ ಸಂಜೆಯೊಳಗೆ ಇದೇ ನಂಬರಿನಿಂದ ಬರೆದು ತಿಳಿಸಿ. ನಂತರ ಬದಲಾವಣೆ ಸಾಧ್ಯವಿಲ್ಲ." ಗಡುವನ್ನು ಮೊದಲೇ ಹೇಳಿದ್ದರೆ ಆಮೇಲೆ ಆಗುವುದಿಲ್ಲ ಎನ್ನಲು ಸಂಕೋಚಪಡಬೇಕಾಗಿಲ್ಲ.

ವಿಳಾಸ ಬದಲಿಸಲು ಕೇಳುವವರಲ್ಲಿ ಹೆಚ್ಚಿನವರು ಪ್ರಾಮಾಣಿಕರೇ. ಮನೆ ಬದಲಾಗಿರುತ್ತದೆ, ಊರಿಗೆ ಹೊರಟಿರುತ್ತಾರೆ. ಹಳೆಯ ನಂಬರಿಗೆ ಕರೆಮಾಡಿ ವಿಚಾರಿಸಿದರೆ ಅಂತಹವರು ಬೇಸರಪಡುವುದಿಲ್ಲ. ತಮ್ಮ ಹಣಕ್ಕೂ ಮಾಲಿಗೂ ಇಲ್ಲಿ ಕಾವಲಿದೆ ಎಂದುಕೊಂಡು ಮುಂದಿನ ಸುಗ್ಗಿಯಲ್ಲಿಯೂ ನಿಮ್ಮಲ್ಲಿಯೇ ಕೊಳ್ಳುತ್ತಾರೆ. ಬೇಸರಪಟ್ಟು ಅವಸರ ಮಾಡುವವರ ವಿಷಯದಲ್ಲಿ ಮಾತ್ರ ಇನ್ನಷ್ಟು ಎಚ್ಚರಿಕೆಯಿಂದಿರಿ. ವಿಚಾರಣೆ ಮುಗಿಯುವವರೆಗೆ ಮಾಲು ನಿಮ್ಮ ಮನೆಯಲ್ಲಿಯೇ ಇರಲಿ.