ಸತ್ತ ಪೆಟ್ಟಿಗೆಯಲ್ಲಿ ಉಳಿದ ವಿದ್ಯುತ್ತು

ಮಳೆಗಾಲವು ಮುಗಿಯುತ್ತ ಬಂದಿತೆಂದರೆ, ಥಂಡಿ ಹಿಡಿದು ಕೆಟ್ಟ ಯಂತ್ರಗಳನ್ನು ಬಿಚ್ಚಿ ನೋಡುವ ಉತ್ಸಾಹವು ನಮ್ಮ ಬೆಳಗಾವಿಯ ಮಹಾಂತೇಶ ನಗರದ ತರುಣರಿಗೆ ಬರುವುದು ಸಹಜ. ಬಿಚ್ಚಿ ಕಲಿಯುವುದನ್ನು ಬೇಡವೆನ್ನುವವರು ನಾವಲ್ಲ. ಆದರೆ ಕಂಪ್ಯೂಟರಿಗೆ ವಿದ್ಯುತ್ತನ್ನೊದಗಿಸುವ ತಗಡಿನ ಪೆಟ್ಟಿಗೆಯ ವಿಷಯದಲ್ಲಿ, ಅಂಗಡಿಯವರು ಎಸ್‌ಎಂಪಿಎಸ್ ಎಂದು ಕರೆಯುವ ಅದರ ವಿಷಯದಲ್ಲಿ, ಮನೆಯ ಹಿರಿಯರೂ ಎರಡು ಮಾತು ತಿಳಿದಿರಬೇಕು.

ಪ್ಲಗ್ಗು ಕಿತ್ತ ಮೇಲೆ ಭಯವೆಲ್ಲಿಯದು ಎಂದು ಕೇಳುವವರುಂಟು. ಪೆಟ್ಟಿಗೆಯೊಳಗೆ ಹೆಬ್ಬೆರಳಿಗಿಂತ ದಪ್ಪನಾದ ಒಂದೆರಡು ಕೆಪಾಸಿಟರುಗಳಿರುತ್ತವೆ. ಫ್ಯಾನಿಗೆ ಹಾಕುವ ಕಂಡೆನ್ಸರಿನ ಜಾತಿಯವೇ ಅವು. ನಮ್ಮ ಮನೆಗಳ 230 ವೋಲ್ಟಿನ ಪ್ರವಾಹವು ಏಕಮುಖವಾಗಿ ಅಲ್ಲಿ ಸುಮಾರು 325 ವೋಲ್ಟಾಗಿ ಸಂಗ್ರಹವಾಗುತ್ತದೆ. ಹೊಸ ಬಗೆಯವುಗಳಲ್ಲಿ 380ನ್ನು ದಾಟುವುದೂ ಉಂಟು. 1746ರಲ್ಲಿ ಲೈಡನ್ ಪಟ್ಟಣದ ಮುಷೆನ್‌ಬ್ರೂಕ್ ಪಂಡಿತನು ನೀರು ತುಂಬಿದ ಗಾಜಿನ ಪಾತ್ರೆಯಿಂದ ಇಂಥದೇ ಪೆಟ್ಟು ತಿಂದು, ಆ ಪ್ರಯೋಗಕ್ಕೆ ಕೈಹಾಕಬೇಡಿರೆಂದು ಪ್ಯಾರಿಸಿನ ವಿದ್ವಾಂಸರಿಗೆ ಬರೆದನು.

ಸುಸ್ಥಿತಿಯ ಪೆಟ್ಟಿಗೆಯಲ್ಲಿ ಈ ಸಂಗ್ರಹವು ತಾನಾಗಿ ಇಳಿದುಹೋಗುತ್ತದೆ. ಆದರೆ ಸುಸ್ಥಿತಿಯದನ್ನು ಬಿಚ್ಚುವವರಾರು? ಕೆಟ್ಟುದರಲ್ಲಿ ವಿದ್ಯುತ್ತು ಹರಿದುಹೋಗುವ ದಾರಿಯೇ ಕಡಿದಿರಬಹುದು. ಅದನ್ನು ಇಳಿಸಲೆಂದು ಇಟ್ಟ ಚಿಕ್ಕ ರೆಸಿಸ್ಟರೂ ಸುಟ್ಟಿರಬಹುದು. ಪ್ಲಗ್ಗು ಕಿತ್ತು ಗುಂಡಿಯನ್ನೊತ್ತಿದರೆ ಸಾಕೆಂಬ ಉಪಾಯವು ನಡೆಯುವ ಯಂತ್ರಕ್ಕೆ ಸಲ್ಲುತ್ತದೆ, ಸತ್ತುದಕ್ಕೆ ಸಲ್ಲದು.

ಆದುದರಿಂದ ಪ್ಲಗ್ಗನ್ನು ಕಿತ್ತು ಹತ್ತು ನಿಮಿಷ ಬಿಟ್ಟು ಮುಚ್ಚಳವನ್ನು ತೆಗೆಯತಕ್ಕದ್ದು, ಒಳಗಿನದಾವುದನ್ನೂ ಮುಟ್ಟಕೂಡದು. ಮಲ್ಟಿಮೀಟರನ್ನು ಮೊದಲು ಬ್ಯಾಟರಿಗೆ ಹಚ್ಚಿ ಪರೀಕ್ಷಿಸಬೇಕು. ಕೆಟ್ಟ ಮೀಟರೂ ಸೊನ್ನೆಯನ್ನೇ ತೋರಿಸುತ್ತದೆಯಷ್ಟೆ! ಬಳಿಕ ಅದನ್ನು ಡಿ.ಸಿ. 600 ವೋಲ್ಟು ಅಥವಾ ಅದಕ್ಕೂ ಮೇಲಿನ ಅಳತೆಯಲ್ಲಿಟ್ಟು ಪ್ರತಿಯೊಂದು ಕೆಪಾಸಿಟರಿನ ಎರಡು ಕಾಲುಗಳ ನಡುವೆ ಅಳೆಯಬೇಕು. ವೋಲ್ಟು ಉಳಿದಿದ್ದರೆ 10,000 ಓಮಿನ, 5 ವ್ಯಾಟಿನ ರೆಸಿಸ್ಟರಿಗೆ ರಬ್ಬರು ಹೊದಿಕೆಯ ತಂತಿಗಳನ್ನು ಬೆಸೆದು, ಬರಿಯ ಲೋಹಕ್ಕೆ ಬೆರಳು ತಾಗದಂತೆ ಅವೇ ಕಾಲುಗಳಿಗೆ ಅರ್ಧ ನಿಮಿಷ ಹಿಡಿಯಬೇಕು. ಮತ್ತೆ ಅಳೆಯಬೇಕು, ಐದು ನಿಮಿಷದ ಮೇಲೆ ಇನ್ನೊಮ್ಮೆ ಅಳೆಯಬೇಕು, ಏಕೆಂದರೆ ಬರಿದಾದ ಕೆಪಾಸಿಟರು ಕೊಂಚ ಮರುಜೀವ ಪಡೆಯುವುದುಂಟು.

ಸ್ಕ್ರೂಡ್ರೈವರನ್ನು ಅಡ್ಡ ಹಿಡಿದು ಚಟ್ಟನೆ ಕಿಡಿ ಹಾರಿಸುವ ರೂಢಿಯನ್ನು ನಾವು ಒಪ್ಪಲಾರೆವು. ಕರಗಿದ ಲೋಹವು ಕಣ್ಣಿಗೆ ಸಿಡಿದೀತು.

ಮೀಟರಿಲ್ಲದ ಮನೆಯಲ್ಲಿ ಈ ಪೆಟ್ಟಿಗೆಯನ್ನು ಬಿಚ್ಚಲೇಬಾರದು. ಧೂಳನ್ನಷ್ಟೇ ತೆಗೆಯುವುದಿದ್ದರೆ ಪ್ಲಗ್ಗು ಕಿತ್ತು, ಹೊರಗಿನ ಕಿಂಡಿಗಳಿಂದಲೇ ಗಾಳಿ ಊದಿದರಾಯಿತು.