ವಿಳಾಸ ಬದಲಾದರೆ ಔಷಧವೂ ಹೊಸದೇ?

ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ 2025ರ ಫೆಬ್ರವರಿಯಲ್ಲಿ, ಏಳು ತಿಂಗಳು ತುಂಬದ ಮಗುವೊಂದಕ್ಕೆ ಅದಕ್ಕಾಗಿಯೇ ತಯಾರಿಸಿದ ಕ್ರಿಸ್ಪರ್ ಔಷಧ ನೀಡಲಾಯಿತು. ಸಿಪಿಎಸ್1 ಕಿಣ್ವದ ಕೊರತೆಯಿಂದ ರಕ್ತದಲ್ಲಿ ಅಮೋನಿಯಾ ಹೆಚ್ಚಿ ಮೆದುಳನ್ನೇ ಕೆಡಿಸುವ ಅಪರೂಪದ ಕಾಯಿಲೆ ಅದರದು. ಮೂರು ಡೋಸ್‌ಗಳ ನಂತರ, ಜೂನ್‌ನಲ್ಲಿ ಮಗು ಮನೆಗೆ ಹೋಯಿತು. ಪೂರ್ಣ ಗುಣವಾಯಿತೆಂದು ವೈದ್ಯರು ಹೇಳಿಲ್ಲ. ಆದರೆ ಮೊದಲಿಗಿಂತ ಹೆಚ್ಚು ಪ್ರೋಟೀನ್ ಅದಕ್ಕೆ ಒಗ್ಗುತ್ತಿದೆ ಎಂದರು.

ಈ ಔಷಧ ಕೇವಲ ಆರು ತಿಂಗಳಲ್ಲಿ ಸಿದ್ಧವಾದದ್ದು ಹೇಗೆ? ಡಿಎನ್‌ಎ ತಿದ್ದುವ ಹಳೆಯ ವಿಧಾನಗಳಲ್ಲಿ ಪ್ರತಿ ಹೊಸ ಗುರಿಗೂ ಪ್ರೋಟೀನನ್ನೇ ಹೊಸದಾಗಿ ರೂಪಿಸಬೇಕಿತ್ತು. ಕ್ರಿಸ್ಪರ್‌ನಲ್ಲಿ ಕಿಣ್ವ ಅದೇ. ಅದನ್ನು ಕರೆದೊಯ್ಯುವ ಗೈಡ್ ಆರ್‌ಎನ್‌ಎಯ ಸುಮಾರು 20 ಅಕ್ಷರಗಳನ್ನು ಬದಲಿಸಿದರೆ ಸಾಕು. ಅಂಚೆಯವನು ಒಬ್ಬನೇ, ಲಕೋಟೆಯ ಮೇಲಿನ ವಿಳಾಸ ಬೇರೆ. ಬ್ಯಾಕ್ಟೀರಿಯಾಗಳಲ್ಲಿ ಎರಡು ತುಂಡಾಗಿದ್ದ ಈ ಆರ್‌ಎನ್‌ಎಯನ್ನು 2012ರಲ್ಲಿ ಒಂದಾಗಿ ಜೋಡಿಸಿದ್ದು ಜೆನ್ನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪೆಂಟಿಯೇ ಅವರ ತಂಡ. 2020ರ ನೊಬೆಲ್ ಅವರಿಗೇ ಸಂದಿತು.

ತೊಡಕು ಕಾನೂನಿನದು. ವಿಳಾಸ ಬದಲಾದ ಕೂಡಲೇ ಅದು ಹೊಸ ಔಷಧವೆನಿಸಿ ಎಲ್ಲ ಪರೀಕ್ಷೆಗಳೂ ಮೊದಲಿನಿಂದ ನಡೆಯಬೇಕಾದರೆ, ಹತ್ತು ಮಕ್ಕಳಿರುವ ಕಾಯಿಲೆಗೆ ಯಾವ ಕಂಪೆನಿ ಮುಂದೆ ಬಂದೀತು? ಇಂಥವುಗಳಿಗೆ ಪ್ರತ್ಯೇಕ ದಾರಿ ತೆರೆಯುವುದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥರು 2025ರ ನವೆಂಬರ್‌ನಲ್ಲಿ ಪ್ರಕಟಿಸಿದರು. ಇದು ಸ್ವಾಗತಾರ್ಹ. ಆದರೆ ಹೋಲುವ ಅಕ್ಷರಗಳು ಡಿಎನ್‌ಎಯಲ್ಲಿ ಬೇರೆಡೆಯೂ ಇರಬಹುದು. ಪತ್ರ ತಪ್ಪು ಮನೆಗೆ ಹೋದೀತೇ ಎಂಬ ಪರೀಕ್ಷೆಯನ್ನು ಪ್ರತಿ ಗೈಡ್‌ಗೂ ನಡೆಸಲೇಬೇಕು.

ಧರ್ಮಸಭೆ ಜೀನ್ ಚಿಕಿತ್ಸೆಯನ್ನೇ ವಿರೋಧಿಸುತ್ತದೆ ಎಂಬ ಮಾತು ನಮ್ಮ ಧರ್ಮಕೇಂದ್ರಗಳಲ್ಲೂ ಕೇಳಿಬರುತ್ತದೆ. ಅದು ಸರಿಯಲ್ಲ. ರೋಗಿಯ ದೇಹಕೋಶಗಳನ್ನಷ್ಟೇ ತಿದ್ದುವ ಚಿಕಿತ್ಸೆ ತಾತ್ವಿಕವಾಗಿ ಸಮ್ಮತವೆಂದು 2008ರ 'ದಿಗ್ನಿತಾಸ್ ಪೆರ್ಸೋನೆ' ಬೋಧನಾಪತ್ರ ಸ್ಪಷ್ಟಪಡಿಸಿದೆ. ಮುಂದಿನ ಪೀಳಿಗೆಗೆ ದಾಟುವ ತಿದ್ದುಪಡಿಯನ್ನು ಮಾತ್ರ ಈಗಿನ ಸ್ಥಿತಿಯಲ್ಲಿ ಅದು ಒಪ್ಪುವುದಿಲ್ಲ. ವಿಳಾಸ ಬರೆಯುವ ಸುಲಭ ಭ್ರೂಣಕ್ಕೂ ಅನ್ವಯಿಸುತ್ತದೆ ಎಂಬುದನ್ನು ಚೀನಾದ ಹೆ ಜಿಯಾನ್‌ಕುಯಿ 2018ರಲ್ಲಿ ತೋರಿಸಿ, ಮರುವರ್ಷ ಮೂರು ವರ್ಷಗಳ ಜೈಲು ಶಿಕ್ಷೆಗೆ ಗುರಿಯಾದರು.

ಇನ್ನು ಬೆಲೆ. ಸಿಕಲ್ ಸೆಲ್ ರೋಗಕ್ಕೆ 2023ರಲ್ಲಿ ಒಪ್ಪಿಗೆ ಪಡೆದ ಕ್ಯಾಸ್‌ಜೆವಿಗೆ ಅಮೆರಿಕದಲ್ಲಿ ನಿಗದಿಯಾದದ್ದು 22 ಲಕ್ಷ ಡಾಲರ್. ಗೈಡ್ ಬರೆಯುವುದು ಅಗ್ಗ; ರೋಗಿಯ ಕೋಶಗಳನ್ನು ಹೊರತೆಗೆದು, ತಿದ್ದಿ, ಕೀಮೋಥೆರಪಿ ಕೊಟ್ಟು ಮರಳಿ ಸೇರಿಸುವುದು ದುಬಾರಿ. ನಮ್ಮ ಚಾಮರಾಜನಗರದ ಸೋಲಿಗರಲ್ಲೂ ಈ ರೋಗವಿದೆ. ದೆಹಲಿಯ ಐಜಿಐಬಿ ಸಂಸ್ಥೆ ಇದಕ್ಕಾಗಿ ರೂಪಿಸಿದ 'ಬಿರ್ಸಾ 101' ಚಿಕಿತ್ಸೆಯನ್ನು ಕೇಂದ್ರ ಸರಕಾರ 2025ರ ನವೆಂಬರ್‌ನಲ್ಲಿ ಪರಿಚಯಿಸಿತು. ತಂತ್ರಜ್ಞಾನ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ಗೆ ಹಸ್ತಾಂತರವಾಗಿದೆ. ಹಾಡಿಯ ರೋಗಿಗೆ ಅದು ಯಾವ ಬೆಲೆಗೆ ಸಿಗುತ್ತದೆ ಎಂದು ನಮ್ಮ ಆರೋಗ್ಯ ಆಯೋಗಗಳು ಈಗಲೇ ಕೇಳಬೇಕು.